ಸೇತುವೆ ಕಂಬದಿಂದ ಹೊಲಿಗೆ ಯಂತ್ರದವರೆಗೆ

ಯೊಲಾಂಡಾ ಲೋಪೆಸ್ 1978ರಲ್ಲಿ ರಚಿಸಿದ ಮೂರು ಚಿತ್ರಗಳಲ್ಲಿ ಮೆಕ್ಸಿಕನ್ನರ ಆರಾಧ್ಯ ದೇವಿ ಗ್ವಾದಲೂಪೆ ಮಾತೆಯ ಪ್ರಭಾವಳಿ ಇದೆ, ನಕ್ಷತ್ರಗಳ ಮೇಲುಹೊದಿಕೆ ಇದೆ. ದೇವಿ ಮಾತ್ರ ಇಲ್ಲ. ಅವಳ ಜಾಗದಲ್ಲಿ ಒಂದೇ ಮನೆಯ ಮೂವರು ಹೆಂಗಸರು. ಕಲಾವಿದೆಯೇ ಓಟದ ಬೂಟು ತೊಟ್ಟು, ಕೈಯಲ್ಲಿ ಹಾವು ಹಿಡಿದು, ನಮ್ಮತ್ತ ಓಡಿ ಬರುತ್ತಿದ್ದಾಳೆ. ತಾಯಿ ಯಂತ್ರದ ಮುಂದೆ ಕೂತು ಅದೇ ಹೊದಿಕೆಯನ್ನು ಹೊಲಿಯುತ್ತಿದ್ದಾಳೆ. ಅಜ್ಜಿಯ ಕೈಯಲ್ಲಿ ಚೂರಿ, ಸುಲಿದ ಹಾವಿನ ಚರ್ಮ. ಅಮೆರಿಕದ ಮೆಕ್ಸಿಕನ್ ಮೂಲದವರ ಚಿಕಾನೊ ಚಿತ್ರಕಲೆ ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ಅಳೆಯಲು ನನಗೆ ಈ ಮೂರು ಚಿತ್ರಗಳೇ ಕೋಲು.

1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಿಂದ ಮೆಕ್ಸಿಕೋದ ಸುಮಾರು ಅರ್ಧ ಭೂಭಾಗ ಅಮೆರಿಕದ ಪಾಲಾಯಿತು. ನಿಂತಲ್ಲೇ ನಿಂತಿದ್ದವರಿಗೆ ದೇಶ ಬದಲಾಯಿತು. ಅವರ ಮೇಲೂ, ಮುಂದೆ ದುಡಿಮೆಗೆ ಬಂದವರ ಮೇಲೂ ಬಿದ್ದ 'ಚಿಕಾನೊ' ಎಂಬ ಹೀಗಳಿಕೆಯ ಮಾತನ್ನು 1960ರ ದಶಕದ ಯುವಕರು ಎದೆಯುಬ್ಬಿಸಿ ತಮ್ಮ ಹೆಸರಾಗಿಸಿಕೊಂಡರು. ಹೆಸರು ಸಿಕ್ಕಿತು, ಮುಖ ಬೇಕಿತ್ತು. ಅದನ್ನು ಗೋಡೆಗಳು ಕೊಟ್ಟವು.

ಸ್ಯಾನ್ ಡಿಯಾಗೊದ ಬ್ಯಾರಿಯೊ ಲೋಗನ್ ಕೇರಿಯನ್ನು ಹೆದ್ದಾರಿ ಸೀಳಿತ್ತು. ಮೇಲೆ ಕೊರೊನಾಡೊ ಸೇತುವೆ ಎದ್ದಿತ್ತು. ಅದರಡಿ ಉದ್ಯಾನಕ್ಕೆಂದು ಮಾತು ಕೊಟ್ಟಿದ್ದ ಜಾಗದಲ್ಲಿ ಪೊಲೀಸ್ ಠಾಣೆ ಬರುತ್ತದೆಂದು ತಿಳಿದದ್ದೇ ತಡ, 1970ರ ಏಪ್ರಿಲ್ 22ರಂದು ಜನ ನುಗ್ಗಿ ನೆಲವನ್ನು ವಶಪಡಿಸಿಕೊಂಡರು. 1973ರಿಂದ ಸೇತುವೆಯ ಕಂಬಗಳಿಗೆ ಬಣ್ಣ ಏರತೊಡಗಿತು. ಕೇರಿಯನ್ನು ಒಡೆದ ಕಾಂಕ್ರೀಟೇ ಕೇರಿಯ ಚರಿತ್ರೆಗೆ ಹಲಗೆಯಾಯಿತು. ಲಾಸ್ ಏಂಜಲೀಸ್‌ನಲ್ಲಿ ಜೂಡಿ ಬಾಕಾ, ನಾನ್ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು, ಕಾಲುವೆಯೊಂದರ ಗೋಡೆಯ ಮೇಲೆ ಅರ್ಧ ಮೈಲಿ ಉದ್ದಕ್ಕೂ ಕ್ಯಾಲಿಫೋರ್ನಿಯಾದ ಮರೆತ ಕಥೆಗಳನ್ನು ಬರೆಸಿದರು.

ಈ ಗೋಡೆಗಳ ದೊಡ್ಡತನ ದೊಡ್ಡದೇ. ಆದರೆ ಅಜ್ಟೆಕ್ ಯೋಧ, ಮೆಕ್ಸಿಕೋದ ಕ್ರಾಂತಿಕಾರಿ ಜಪಾಟಾ, ಬಿಗಿದ ಮುಷ್ಟಿ, ಗರಿಗೆದರಿದ ಹದ್ದು ಇವೇ ಮರಳಿ ಮರಳಿ ಬಂದಾಗ ಚಿತ್ರ ಬರಿಯ ಅಚ್ಚಾಗುತ್ತದೆ. ಯೋಧನ ತೋಳಿನಲ್ಲಿ ಒರಗಿದ ರಾಜಕುಮಾರಿಯಂತೂ ಮೆಕ್ಸಿಕೋದ ಹೆಸುಸ್ ಎಲ್ಗೆರಾ ಬರೆದ ಕ್ಯಾಲೆಂಡರ್ ಚಿತ್ರಗಳಿಂದ ಇಳಿದು ಬಂದವಳು. ಅಲ್ಲಿ 'ನಾನು ಯಾರು' ಎಂದು ಕೇಳುವ ಮೊದಲೇ ಉತ್ತರ ಸಿದ್ಧ: ನೀನು ರಾಜವಂಶದವನು. ಹೊಲದಲ್ಲಿ ದ್ರಾಕ್ಷಿ ಕಿತ್ತವಳಿಗೆ ಈ ಉತ್ತರದಿಂದ ಅಭಿಮಾನ ಸಿಕ್ಕೀತು, ಅವಳ ದಿನದ ಗುರುತು ಸಿಗದು.

ಈ ಜಡತೆಯನ್ನು ಒಳಗಿನವರೇ ಮೊದಲು ಕಂಡರು. 'ಆಸ್ಕೊ', ಅಂದರೆ ವಾಕರಿಕೆ, ಎಂದೇ ಹೆಸರಿಟ್ಟುಕೊಂಡ ಲಾಸ್ ಏಂಜಲೀಸ್ ಗುಂಪು 1972ರಲ್ಲಿ ಗೋಡೆ ಬಿಟ್ಟು ಬೀದಿಗಿಳಿದ 'ನಡೆಯುವ ಭಿತ್ತಿಚಿತ್ರ' ಮಾಡಿತು. 1974ರಲ್ಲಿ ತನ್ನ ಸದಸ್ಯೆ ಪ್ಯಾಟ್ಸಿ ವಾಲ್ಡೆಸ್ ಅವರನ್ನು ಅಂಟುಪಟ್ಟಿಯಿಂದ ಗೋಡೆಗೆ ಅಂಟಿಸಿ ಅದನ್ನು 'ದಿಢೀರ್ ಭಿತ್ತಿಚಿತ್ರ' ಎಂದಿತು. ಗೋಡೆ ಬಿಡುಗಡೆಯೂ ಹೌದು, ಬಂಧನವೂ ಹೌದು ಎಂಬ ಕುಹಕ ಅದರಲ್ಲಿದೆ.

ಕುಹಕಕ್ಕಿಂತ ದೂರ ಹೋದವರು ಟೆಕ್ಸಸ್‌ನ ಕಾರ್ಮೆನ್ ಲೋಮಾಸ್ ಗಾರ್ಸಾ. ಅವರ ಒಂದು ಚಿತ್ರದಲ್ಲಿ ಅಕ್ಕತಂಗಿಯರು ರಾತ್ರಿ ಮನೆಯ ಮಾಡಿನ ಮೇಲೆ ಕೂತಿದ್ದಾರೆ; ಕೆಳಗಿನ ಕಿಟಕಿಯೊಳಗೆ ತಾಯಿ ಅವರಿಗೆ ಹಾಸಿಗೆ ಹಾಸುತ್ತಿದ್ದಾಳೆ. ಚಿತ್ರದ ಹೆಸರು 'ಕನಸುಗಳಿಗೆ ಹಾಸಿಗೆ'. ಯೋಧನಿಲ್ಲ, ಘೋಷಣೆಯಿಲ್ಲ. ಕಲಾವಿದೆಯಾಗಬೇಕೆಂಬ ಹುಡುಗಿಯ ಆಸೆಯೂ ಆ ಆಸೆಗೆ ಹಾಸಿಕೊಟ್ಟ ಕೈಯೂ ಒಂದೇ ಸೂರಿನಡಿ ಇವೆ. ಒಬ್ಬಳ ಬದುಕಿನ ಗುರಿಯೂ ಒಂದು ಸಮುದಾಯದ ಗುರುತೂ ಇಲ್ಲಿ ಬೇರೆ ಬೇರೆಯಲ್ಲ.

ಹಾಗೆಂದು ಗೋಡೆಯನ್ನು ಹಳಿಯುವುದು ಕೃತಘ್ನತೆ. 2022ರಲ್ಲಿ ರಿವರ್‌ಸೈಡ್‌ನಲ್ಲಿ ಚಿಕಾನೊ ಕಲೆಗೇ ಮೀಸಲಾದ 'ದಿ ಚೀಚ್' ಸಂಗ್ರಹಾಲಯ ತೆರೆದಿದ್ದರೆ ಅದರ ಅಡಿಪಾಯದಲ್ಲಿ ಆ ಸೇತುವೆ ಕಂಬಗಳಿವೆ. ಆದರೆ ಕಂಬಗಳು 'ನಾವು' ಎಂದು ಕೂಗಿ ನಿಲ್ಲಿಸಿದ್ದನ್ನು ಲೋಪೆಸ್ 'ನಮ್ಮಮ್ಮ' ಎಂದು ಮೆಲ್ಲಗೆ ತಿದ್ದಿದರು. ದೇವಿಯ ಮೈಮೇಲಿನ ನಕ್ಷತ್ರಗಳನ್ನು ಶತಮಾನಗಳಿಂದ ಎಲ್ಲರೂ ನೋಡಿ ಕೈಮುಗಿದಿದ್ದಾರೆ. ಆ ಹೊದಿಕೆಯನ್ನು ಹೊಲಿದವರು ಯಾರೆಂದು ಕೇಳಿದ್ದು ತಾಯಿಯ ಆ ಚಿತ್ರ.