ಅಪರೂಪ ಯಾರಿಗೆ? ಕೆಲವು ವೆಲ್ಷ್ ರೆಕಾರ್ಡುಗಳ ಕುರಿತು

ಸಂಗೀತದ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವ ಅರ್ಹತೆ ನನಗಿಲ್ಲ. ಓದಿದ್ದು ಬಿ.ಎ., ಹೊಟ್ಟೆಪಾಡು ಬ್ಯಾಂಕಿನ ಕೌಂಟರಿನಲ್ಲಿ. ಸಂಪಾದಕರು ಕೇಳಿದ್ದು ಗಡಿನಾಡಿನ ಕಾವ್ಯದ ಬಗ್ಗೆ ಒಂದು ಲೇಖನ. ನಾನು ಕೊಡುತ್ತಿರುವುದು ಬ್ರಿಟನ್ನಿನ ಪಡುವಣ ಅಂಚಿನ ವೇಲ್ಸ್ ಎಂಬ ಪುಟ್ಟ ನಾಡಿನ, ಐವತ್ತು ವರ್ಷ ಹಳೆಯ ರಾಕ್ ಹಾಡುಗಳ ಬಗ್ಗೆ. ಎರಡೂ ಅಷ್ಟೇನೂ ದೂರದ ವಿಷಯಗಳಲ್ಲ ಎಂದು ನನಗನಿಸಿರುವುದರಿಂದ ಈ ಸಲಿಗೆ.

ಬೊಂಬಾಯಿಯಲ್ಲಿದ್ದ ದೊಡ್ಡಪ್ಪ ಊರಿಗೆ ಮರಳುವಾಗ ತಂದ ರೆಕಾರ್ಡ್ ಪ್ಲೇಯರಿನಿಂದ ನನ್ನ ಈ ಚಟ ಶುರುವಾಯಿತು. 1960ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷಗಳ ಕಾಲ ಪಶ್ಚಿಮದಲ್ಲಿ ಬೆಳೆದ ಎರಡು ಬಗೆಯ ರಾಕ್ ಸಂಗೀತ ನನ್ನನ್ನು ಹಿಡಿಯಿತು. ಒಂದು, ನಾದವನ್ನು ಅಮಲಿನ ಕನಸಿನಂತೆ ಕಲಸಿ ಹರಡುವ ಸೈಕೆಡೆಲಿಕ್. ಇನ್ನೊಂದು, ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಒಡೆದು ದೀರ್ಘ ರಚನೆಗೆ ಕೈಹಾಕಿದ ಪ್ರೊಗ್ರೆಸಿವ್. ಇವುಗಳಲ್ಲಿಯೂ ಯಾರೂ ಕೇಳದ, ಕೆಲವೇ ಪ್ರತಿಗಳಾಗಿ ಹೊರಬಂದು ಮರೆತುಹೋದ ರೆಕಾರ್ಡುಗಳನ್ನು ಹುಡುಕುವವರ ಒಂದು ದೊಡ್ಡ ಪಂಗಡ ಲೋಕದಲ್ಲೆಲ್ಲ ಇದೆ. ಅವರು ರೆಕಾರ್ಡಿನ ಒಳ ಅಂಚಿನಲ್ಲಿ ಗೀರಿದ ಸಂಖ್ಯೆಯನ್ನು ನೋಡಿ ಅದು ಮೊದಲ ಅಚ್ಚೋ ಮರುಮುದ್ರಣವೋ ಎಂದು ಹೇಳಬಲ್ಲರು. ಗೀರು, ಕಲೆ, ಹೊದಿಕೆಯ ಹರಕು ಎಲ್ಲಕ್ಕೂ ದರ್ಜೆಯಿದೆ, ದರ್ಜೆಗೆ ತಕ್ಕ ದರವಿದೆ. ಹರಿದ ನೋಟು ಬದಲಾಯಿಸಿಕೊಡುವ ನಮ್ಮ ಕೌಂಟರಿನ ನಿಯಮಗಳಿಗಿಂತ ಅವರದು ಕಟ್ಟುನಿಟ್ಟು.

ನನಗೆ ವೆಲ್ಷ್ ರೆಕಾರ್ಡುಗಳು ಸಿಗತೊಡಗಿದ್ದು ಪಕ್ಕದ ಕೌಂಟರಿನ ಮಲಯಾಳಿ ಮಿತ್ರರಿಂದ. ಅವರ ತಂಗಿ ಸ್ವಾನ್ಸಿಯಲ್ಲಿ ನರ್ಸು. ಅಲ್ಲಿ ಜನ ದಾನಕ್ಕೆ ಕೊಟ್ಟ ಹಳೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಕ್ಕಿದ್ದನ್ನು ಅವರು ರಜೆಯಲ್ಲಿ ಬರುವಾಗ ಸೀರೆಯ ನಡುವೆ ಇಟ್ಟು ತರುತ್ತಾರೆ. ಹಾಗೆ ಬಂದ ಒಂದನ್ನು ಹಾಕಿ ಕೂತಿದ್ದಾಗ ಒಂಬತ್ತನೆಯ ತರಗತಿಯ ಮಗಳು ಕೇಳಿದಳು:

“ಅಪ್ಪಾ, ಇವ್ರು ಹೇಳೂದು ನಿಮಗೆ ಗೊತ್ತಾಗ್ತದಾ?”

“ಇಲ್ಲ ಮಗಾ.”

“ಮತ್ತೆಂತಕ್ಕೆ ಕೇಳೂದು?”

ಈ ಲೇಖನ ಅವಳಿಗೆ ಆಗ ಕೊಡಲಾಗದ ಉತ್ತರ.

2005ರಲ್ಲಿ ಇಂಗ್ಲೆಂಡಿನ ಫೈಂಡರ್ಸ್ ಕೀಪರ್ಸ್ ಎಂಬ ಸಂಸ್ಥೆ ‘ವೆಲ್ಷ್ ರೇರ್ ಬೀಟ್’ ಎಂಬ ಸಂಕಲನ ತಂದಿತು. ಆಂಡಿ ವೋಟೆಲ್, ಡಾಮ್ ಥಾಮಸ್ ಎಂಬ ಇಬ್ಬರು ಸಂಗ್ರಾಹಕರು, ಜೊತೆಗೆ ಗ್ರಿಫ್ ರೀಸ್ ಎಂಬ ವೆಲ್ಷ್ ಗಾಯಕ ಸೇರಿ ಮಾಡಿದ ಆಯ್ಕೆ. ವೆಲ್ಷ್ ಮಾತಾಡುವ ನಾಡಿನ ಹೊರಗೆ ಈ ಹಾಡುಗಳಿಗೆ ಕಿವಿಗಳು ಸಿಕ್ಕಿದ್ದು ಬಹುಮಟ್ಟಿಗೆ ಇದರಿಂದ. ಹೆಸರಿನಲ್ಲಿರುವ ‘ರೇರ್’ ಎಂಬ ಪದ ಮಾತ್ರ ನನ್ನನ್ನು ಕಾಡುತ್ತದೆ. ಯಾರಿಗೆ ಅಪರೂಪ?

ಹಿನ್ನೆಲೆ ಸ್ವಲ್ಪ ಹೇಳಬೇಕು. 1961ರ ಜನಗಣತಿಯಂತೆ ವೇಲ್ಸಿನಲ್ಲಿ ವೆಲ್ಷ್ ಬಲ್ಲವರು ನೂರಕ್ಕೆ 26. ಆ ಭಾಷಾ ಅಂಕಿಗಳು ಹೊರಬೀಳುವ ಮೊದಲೇ, 1962ರ ಫೆಬ್ರವರಿಯಲ್ಲಿ, ನಾಟಕಕಾರ ಸಾಂಡರ್ಸ್ ಲೂಯಿಸ್ ರೇಡಿಯೋ ಭಾಷಣವೊಂದರಲ್ಲಿ, ಹೀಗೆಯೇ ಸಾಗಿದರೆ ಇಪ್ಪತ್ತೊಂದನೆಯ ಶತಮಾನದ ಆರಂಭಕ್ಕೆ ಜೀವಂತ ಭಾಷೆಯಾಗಿ ವೆಲ್ಷ್ ಉಳಿಯದು ಎಂದರು. ಅದೇ ವರ್ಷ ಭಾಷಾ ಸಂಘ ಹುಟ್ಟಿತು. 1965ರಲ್ಲಿ ಲಿವರ್‌ಪೂಲ್ ನಗರದ ನೀರಿಗಾಗಿ ಟ್ರಿವೆರಿನ್ ಕಣಿವೆಯ ಕಾಪೆಲ್ ಕೆಲಿನ್ ಎಂಬ ವೆಲ್ಷ್ ಹಳ್ಳಿಯನ್ನು ಮುಳುಗಿಸಲಾಯಿತು. ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ ಎಲ್ಲವೂ ಅಣೆಕಟ್ಟಿನ ನೀರಿನ ಪಾಲಾದವು. ವೇಲ್ಸಿನ ಒಬ್ಬ ಸಂಸದನೂ ಆ ಮಸೂದೆಯ ಪರವಾಗಿ ಮತ ಹಾಕಿರಲಿಲ್ಲ. ಲಿವರ್‌ಪೂಲ್ ಕ್ಷಮೆ ಕೇಳಿದ್ದು 2005ರಲ್ಲಿ, ಈ ಸಂಕಲನ ಬಂದ ವರ್ಷವೇ.

1969ರಲ್ಲಿ ಗಾಯಕರಾದ ಹ್ಯೂ ಜೋನ್ಸ್, ದಾವಿದ್ ಇವಾನ್ ಇಬ್ಬರೂ ಬ್ರಯನ್ ಮೋರ್ಗನ್ ಎಡ್ವರ್ಡ್ಸ್ ಎಂಬವರ ಹಣದ ನೆರವಿನಿಂದ ‘ಸೈನ್’ ಎಂಬ ರೆಕಾರ್ಡು ಸಂಸ್ಥೆ ಕಟ್ಟಿದರು. ಸೈನ್ ಎಂದರೆ ವೆಲ್ಷ್‌ನಲ್ಲಿ ಸದ್ದು. ಪ್ರಾರ್ಥನಾ ಮಂದಿರದ ಸ್ತೋತ್ರಗಳಲ್ಲೂ ಕವಿಗೋಷ್ಠಿಗಳಲ್ಲೂ ಗೌರವದಿಂದ ಕೂತಿದ್ದ ಭಾಷೆಯನ್ನು ಅವರ ಪೀಳಿಗೆ ಎಬ್ಬಿಸಿ ಎಲೆಕ್ಟ್ರಿಕ್ ಗಿಟಾರಿನ ಎದುರು ನಿಲ್ಲಿಸಿತು. ಹಿರಿಯರಿಗೆ ಕಸಿವಿಸಿಯಾಗಿರಬೇಕು. ನಮ್ಮ ಗೋವಿಂದ ಪೈಗಳು ಪ್ರಾಸ ಬಿಟ್ಟಾಗಲೂ ಆಗಿತ್ತಲ್ಲ.

ಸೈನ್‌ನ ಮೊದಲ ರೆಕಾರ್ಡು ಹ್ಯೂ ಜೋನ್ಸರ ‘ದೂರ್’. ಇದನ್ನು ನಾನು ಮೊದಲು ಕೇಳಿದಾಗ ಪ್ರೇಮಗೀತೆ ಎಂದುಕೊಂಡೆ, ಒಳ್ಳೆಯ ಪ್ರೇಮಗೀತೆ ಎಂದು ಮಿತ್ರರಿಗೂ ಹೇಳಿದೆ. ದೂರ್ ಎಂದರೆ ನೀರು. ಹಾಡು ಮುಳುಗಿದ ಆ ಕಣಿವೆಯದ್ದು. ಅದು ತಿಳಿದ ಮೇಲೆ ನಾಚಿಕೆಯಾಯಿತು. ಸಂಗ್ರಾಹಕರ ವಲಯದಲ್ಲಿ ಒಂದು ಮಾತಿದೆ: ಪದ ಅರ್ಥವಾಗದಿದ್ದರೆ ಒಳ್ಳೆಯದೇ, ದನಿಯೂ ಒಂದು ವಾದ್ಯವಾಗಿಬಿಡುತ್ತದೆ. ನಾನೂ ಇದನ್ನು ದೊಡ್ಡ ರಸಜ್ಞನಂತೆ ಹೇಳಿದ್ದುಂಟು. ಆದರೆ ಪದವನ್ನು ಉಳಿಸಲೆಂದೇ ಸದ್ದನ್ನು ಎರವಲು ತಂದವರ ಕೃತಿಯಿಂದ ಪದವನ್ನು ಕಳೆದು ಸದ್ದನ್ನಷ್ಟೇ ಇಟ್ಟುಕೊಳ್ಳುವುದು ಎಂಥ ರಸಿಕತೆ? ಅವರದೇ ನೀರನ್ನು ಇನ್ನೊಮ್ಮೆ ಕೊಂಡೊಯ್ದಂತಲ್ಲವೆ? ‘ವೆಲ್ಷ್ ರೇರ್ ಬೀಟ್’ ಈ ದೋಷದಿಂದ ಒಂದಿಷ್ಟಾದರೂ ಪಾರಾಗಿದ್ದರೆ ಅದಕ್ಕೆ ಕಾರಣ, ಮೂವರಲ್ಲೊಬ್ಬ ಆ ಭಾಷೆಯವನಾಗಿದ್ದುದು. 2000ದಲ್ಲಿ ಗ್ರಿಫ್ ರೀಸನ ತಂಡ ಪೂರ್ತಿ ವೆಲ್ಷ್‌ನಲ್ಲಿ ತಂದ ‘ಮೂಂಗ್’ ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೇರಿತ್ತು.

ನನ್ನಲ್ಲಿರುವವುಗಳಲ್ಲಿ ಒಂದನ್ನು ಮಾತ್ರ ಮಹತ್ವದ ಕೃತಿ ಎಂದು ಅಳುಕಿಲ್ಲದೆ ಕರೆಯಬಲ್ಲೆ: ಎಂದಾವ್ ಎಮ್ಲಿನ್‌ನ ‘ಸೇಲಂ’, 1974. ಇದರ ಮೂಲ ಒಂದು ಚಿತ್ರ. 1908ರಲ್ಲಿ ವೋಸ್ಪರ್ ಎಂಬ ಇಂಗ್ಲಿಷ್ ಕಲಾವಿದ ಸೇಲಂ ಎಂಬ ಹಳ್ಳಿಯ ಪ್ರಾರ್ಥನಾ ಮಂದಿರದೊಳಗಣ ನೋಟವೊಂದನ್ನು ಜಲವರ್ಣದಲ್ಲಿ ಬರೆದ. ನಡುವೆ ಶಾನ್ ಓವೆನ್ ಎಂಬ ಎಪ್ಪತ್ತು ದಾಟಿದ ಹೆಂಗಸು, ತಲೆಗೆ ಆಗಲೇ ಬಳಕೆ ತಪ್ಪಿದ್ದ ಎತ್ತರದ ಕರಿಟೋಪಿ, ಮೈಮೇಲೆ ಬಣ್ಣದ ಶಾಲು. ಸನ್‌ಲೈಟ್ ಸೋಪಿನ ಲೀವರ್ ಈ ಚಿತ್ರವನ್ನು ಕೊಂಡು, ಸೋಪಿನ ಚೀಟಿ ಕೂಡಿಸಿ ಕಳಿಸಿದವರಿಗೆ ಅದರ ಅಚ್ಚು ಪ್ರತಿ ಕೊಟ್ಟ. ಹೀಗೆ ವೇಲ್ಸಿನ ಅಸಂಖ್ಯ ಮನೆಗಳ ಗೋಡೆಯೇರಿದ ಅದು ಸಭ್ಯ, ದೈವಭೀರು, ಹಳೆಯ ವೆಲ್ಷ್ ಬದುಕಿನ ಲಾಂಛನವೇ ಆಯಿತು. ಶಾಲಿನ ಮಡಿಕೆಯಲ್ಲಿ ಸೈತಾನನ ಮುಖ ಕಾಣುತ್ತದೆ ಎಂದು ಜನ ಹುಡುಕತೊಡಗಿದರು; ತಾನದನ್ನು ಬೇಕೆಂದು ಬರೆಯಲಿಲ್ಲವೆಂದು ಚಿತ್ರಕಾರ ಹೇಳಿದರೂ ಹುಡುಕಾಟ ನಿಲ್ಲಲಿಲ್ಲ.

ಹೊರಗಿನವನ ಕೈಯಿಂದ ಬಂದು, ಸೋಪಿನ ಜೊತೆ ಮನೆ ಹೊಕ್ಕು, ‘ನಮ್ಮದು’ ಆಗಿಬಿಟ್ಟ ಈ ಚಿತ್ರವನ್ನು ಎಮ್ಲಿನ್ ಮತ್ತೆ ಒಳಗಿನಿಂದ ತೆರೆಯುತ್ತಾನೆ. ಲಾಂಛನವನ್ನು ಹೊಗಳುವುದೂ ಇಲ್ಲ, ಗೇಲಿ ಮಾಡುವುದೂ ಇಲ್ಲ. ಚಿತ್ರದಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು ಅವರಿಗೆ ಹಾಡು ಕೊಡುತ್ತಾನೆ. ಅಬ್ಬರವಿಲ್ಲದ ದನಿ, ನಾನು ಅದುವರೆಗೆ ಹುಡುಕುತ್ತಿದ್ದ ಗಿಟಾರಿನ ಮಿಂಚು ಇಲ್ಲಿಲ್ಲ. ಆ ಕಾರಣಕ್ಕೇ ಮೊದಲ ಸಲ ಕೇಳಿ ಸಪ್ಪೆಯೆಂದು ಬದಿಗಿಟ್ಟಿದ್ದೆ. ಚಿತ್ರವನ್ನು ನೋಡಿ, ನರ್ಸು ಮಿತ್ರೆ ತನ್ನ ಆಸ್ಪತ್ರೆಯ ಸಹೋದ್ಯೋಗಿಯಿಂದ ಕೇಳಿ ಬರೆದುಕೊಟ್ಟ ಸಾರಾಂಶವನ್ನು ಓದಿ, ಎರಡನೆಯ ಸಲ ಕೂತಾಗ ಗೋಡೆಯ ಮೇಲಿನ ಆ ಜನ ಒಬ್ಬೊಬ್ಬರಾಗಿ ಮನುಷ್ಯರಾಗತೊಡಗಿದರು. ರೆಕಾರ್ಡು ಬದಲಾಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಈ ಹಾಡುಗಳಲ್ಲಿ ಹಲವು ಸಾಧಾರಣ. ಅಮೆರಿಕದ, ಇಂಗ್ಲೆಂಡಿನ ತಂಡಗಳ ಪಡಿಯಚ್ಚಿಗೆ ವೆಲ್ಷ್ ಪದ ತುಂಬಿದಂಥವೂ ಇವೆ. 1974ರಲ್ಲಿ ಕಾರ್ಮಾರ್ದೆನ್ನಿನ ರಾಷ್ಟ್ರೀಯ ಸಾಹಿತ್ಯೋತ್ಸವದಲ್ಲಿ ಆಡಿದ ‘ನಿಯಾ ಬೆನ್ ಐರ್’ ಎಂಬ ರಾಕ್ ನಾಟಕದ ರೆಕಾರ್ಡಿಗೆ ದೊಡ್ಡ ಹೆಸರಿದೆ. ನನಗದು ಅಲ್ಲಲ್ಲಿ ಮಾತ್ರ ಹಿಡಿಸಿತು. ಮೈಕ್ ಸ್ಟೀವನ್ಸ್‌ನ 1970ರ ಇಂಗ್ಲಿಷ್ ರೆಕಾರ್ಡು ‘ಔಟ್‌ಲ್ಯಾಂಡರ್’ಗೆ ಸಂಗ್ರಾಹಕರು ಮುಗಿಬೀಳುತ್ತಾರೆ; ಎರಡು ವರ್ಷಕ್ಕೆ ಬಂದ ವೆಲ್ಷ್ ‘ಗ್ವಿಮೊನ್’ ಅದಕ್ಕಿಂತ ಹಗುರ ಕಾಲಿನದು, ನನ್ನ ಮಟ್ಟಿಗೆ ಮೇಲಿನದು. ಅಪರೂಪವಾದ್ದರಿಂದ ಒಳ್ಳೆಯದು ಎನ್ನುತ್ತಾನೆ ಸಂಗ್ರಾಹಕ. ನಮ್ಮ ಭಾಷೆಯದ್ದಾದ್ದರಿಂದ ಒಳ್ಳೆಯದು ಎನ್ನುತ್ತೇವೆ ನಾವು, ಭಾಷಾ ಅಲ್ಪಸಂಖ್ಯಾತರು. ಇಬ್ಬರೂ ಕೇಳುವ ಕಷ್ಟದಿಂದ ತಪ್ಪಿಸಿಕೊಳ್ಳುತ್ತಿದ್ದೇವೆ. ಗಡಿನಾಡಿನಲ್ಲಿ ಒಂದು ಕವನಸಂಕಲನ ಬಂದರೆ ನಾವು ಬರೆಯುವ ವಿಮರ್ಶೆಗಳನ್ನು ನೆನಪಿಸಿಕೊಳ್ಳಿ. ನಾನೇ ಬರೆದ ಎರಡು ಮೂರು ಇವೆ. ಇಲ್ಲಿದ್ದೂ ಕನ್ನಡದಲ್ಲಿ ಬರೆದರಲ್ಲ ಎಂಬ ಕೃತಜ್ಞತೆಯಲ್ಲೇ ಪುಟ ಮುಗಿಯುತ್ತದೆ, ಕವಿತೆ ಹಾಗೇ ಉಳಿಯುತ್ತದೆ. ಎಮ್ಲಿನ್‌ಗೆ ಅಂಥ ರಿಯಾಯಿತಿ ಬೇಕಿಲ್ಲ. ನಮ್ಮಲ್ಲಿ ಬೇಕಿಲ್ಲದವರು ಯಾರೆಂದು ರಿಯಾಯಿತಿ ನಿಲ್ಲಿಸಿದ ಹೊರತು ಗೊತ್ತಾಗುವುದು ಹೇಗೆ?

ಕಳೆದ ರಜೆಯಲ್ಲಿ ಬಂದದ್ದು ‘ಬ್ರಾನ್’ ಎಂಬ ತಂಡದ ‘ಹೆದ್ವಾನ್’, 1976ರದು. ಬ್ರಾನ್ ಎಂದರೆ ಕಾಗೆ, ಹೆದ್ವಾನ್ ಎಂದರೆ ಹಾರುವುದು. ಪ್ರೊಗ್ರೆಸಿವ್ ಹುಡುಕುವವರು ಬಲು ಬೇಡಿಕೆಯಿಟ್ಟು ಕೊಳ್ಳುವ ರೆಕಾರ್ಡು. ನನಗೆ ನಾಲ್ಕೇ ಪೌಂಡಿಗೆ ಸಿಕ್ಕಿತು. ಹೊದಿಕೆಯ ಹಿಂಬದಿಯಲ್ಲಿ ಬಾಲ್‌ಪೆನ್ನಿನ ಬರಹ ಇದ್ದುದೇ ಕಾರಣವಿರಬೇಕು, ಸಂಗ್ರಾಹಕರ ಲೆಕ್ಕದಲ್ಲಿ ಅದು ದರ ಅರ್ಧಕ್ಕಿಳಿಸುವ ದೋಷ. ಮಗಳು ಫೋನಿನಲ್ಲಿ ಅದರ ಪಟ ತೆಗೆದು ಸ್ವಾನ್ಸಿಗೆ ಕಳಿಸಿದಳು. ವಾರ್ಡಿನಲ್ಲಿ ಯಾರೋ ಓದಿ ಹೇಳಿದರಂತೆ: ‘ಅಮ್ಮನಿಗೆ, ಕ್ರಿಸ್ಮಸ್ 1976.’