ಫೋಕ್‌ಬೋಟಿನ ವಂಶಾವಳಿ: 'ವಿಕಾಸ' ಎಂಬ ಮಾತಿನ ಒಂದು ವಿಮರ್ಶೆ

ಶಾಸನ, ನಾಣ್ಯ, ದೇವಾಲಯಗಳನ್ನು ಆಕರಗಳೆಂದು ಒಪ್ಪಿಕೊಂಡಿರುವ ನಮ್ಮ ಇತಿಹಾಸದ ವಿದ್ಯಾರ್ಥಿಗಳು, ಕಾರ್ಖಾನೆಯಲ್ಲಿ ಒಂದೇ ಅಚ್ಚಿನಿಂದ ನೂರಾರು ಸಲ ಹೊರಬಂದ ವಸ್ತುವನ್ನು ಆಕರವೆಂದು ಭಾವಿಸಲು ಹಿಂಜರಿಯುವರು. ಅಂತಹ ವಸ್ತುಗಳ ಚರಿತ್ರೆಯನ್ನು ಬರೆಯುವವರು ಇಲ್ಲವೆಂದಲ್ಲ. ಆದರೆ ಅವರು ಬಹುಮಟ್ಟಿಗೆ ಅಭಿಮಾನಿಗಳು, ಇಲ್ಲವೆ ಮಾರಾಟಗಾರರು. ಇವರ ಬರವಣಿಗೆಯಲ್ಲಿ 'ವಿಕಾಸ' ಎಂಬ ಮಾತು ಪದೇ ಪದೇ ಬರುತ್ತದೆ. ಮೊದಲನೆಯ ಮಾದರಿಯಲ್ಲಿ ಕೊರತೆಯಿದ್ದಿತು, ಎರಡನೆಯದರಲ್ಲಿ ಅದು ತುಂಬಿತು, ಮೂರನೆಯದು ಇನ್ನೂ ಉತ್ತಮವಾಯಿತು ಎಂಬ ಕ್ರಮದಲ್ಲಿ ಕಥೆ ಸಾಗುತ್ತದೆ. ಈ ಕ್ರಮವು ಎಷ್ಟರಮಟ್ಟಿಗೆ ನಿಜವೆಂಬುದನ್ನು, ಬಹುಸಂಖ್ಯೆಯಲ್ಲಿ ತಯಾರಾದ ಒಂದು ಹಾಯಿದೋಣಿಯ ಸಂತತಿಯನ್ನು ಹಿಡಿದು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ದೋಣಿಯ ಹೆಸರು ನಾರ್ಡಿಕ್ ಫೋಕ್‌ಬೋಟ್. ಫೋಕ್‌ಬೋಟ್ ಎಂದರೆ 'ಜನರ ದೋಣಿ'.

ಈ ದೋಣಿಯ ಜನಕನಾರು ಎಂಬ ಮೊದಲ ಪ್ರಶ್ನೆಯಲ್ಲಿಯೇ ವಂಶಾವಳಿಯು ತೊಡಕಾಗುತ್ತದೆ. ಎರಡನೆಯ ಮಹಾಯುದ್ಧದ ನಡುವೆ, ಸಾಮಾನ್ಯ ಆದಾಯದ ಕುಟುಂಬವೂ ಕೊಳ್ಳಬಹುದಾದ, ಸುಲಭವಾಗಿ ನಡೆಸಬಹುದಾದ ಒಂದು ದೋಣಿಯ ನಕ್ಷೆಗಾಗಿ ಸ್ಕ್ಯಾಂಡಿನೇವಿಯದ ನೌಕಾವಿಹಾರ ಸಂಘಗಳ ಒಕ್ಕೂಟವು ಸ್ಪರ್ಧೆಯನ್ನು ಏರ್ಪಡಿಸಿತು. ಸ್ವೀಡನ್ನಿನ ಹಡಗು ವ್ಯಾಪಾರಿ ಸ್ವೆನ್ ಸಲೇನ್ ಇದಕ್ಕೆ ಬೆಂಬಲವಾಗಿದ್ದರು. ಅನೇಕ ನಕ್ಷೆಗಳು ಬಂದುವು. ಆದರೆ ಯಾವುದೂ ಸಂಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ಆಗ ವ್ಯವಸ್ಥಾಪಕರು ಹಲವು ನಕ್ಷೆಗಳ ಉತ್ತಮಾಂಶಗಳನ್ನು ಒಂದುಗೂಡಿಸುವ ಕೆಲಸವನ್ನು ಟೋರ್ಡ್ ಸುಂಡೆನ್ ಎಂಬ ವಿನ್ಯಾಸಕಾರರಿಗೆ ವಹಿಸಿದರು. ಮೊದಲನೆಯ ದೋಣಿ 1942ರಲ್ಲಿ ಗೋಥೆನ್‌ಬರ್ಗಿನಲ್ಲಿ ನೀರಿಗಿಳಿಯಿತು. ಹೀಗಿರಲು, ಇದನ್ನು 'ಸುಂಡೆನ್ನರ ಕೃತಿ' ಎಂದರೆ ಸ್ಪರ್ಧಿಗಳಿಗೂ, 'ಸಮಿತಿಯ ಕೃತಿ' ಎಂದರೆ ಸುಂಡೆನ್ನರಿಗೂ ಅನ್ಯಾಯವಾಗುತ್ತದೆ. ಒಂದು ದೇವಾಲಯದ ಶಿಲ್ಪಿ ಯಾರೆಂದು ಕೇಳುವಾಗ ನಾವು ಎದುರಿಸುವ ಸಮಸ್ಯೆಯೇ ಇದು. ಅಲ್ಲಿ ನಾವು ತೋರಿಸುವ ಎಚ್ಚರವನ್ನು ಇಲ್ಲಿಯೂ ತೋರಿಸಬೇಕಾಗಿದೆ.

ದೋಣಿಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಉದ್ದ ಸುಮಾರು 7.6 ಮೀಟರು, ಅಗಲ 2.2 ಮೀಟರು, ನೀರಿನೊಳಗೆ 1.2 ಮೀಟರು ಇಳಿಯುತ್ತದೆ. ಹಾಯಿಯ ವಿಸ್ತೀರ್ಣ 24 ಚದರ ಮೀಟರು. ಒಟ್ಟು ತೂಕ ಎರಡು ಟನ್ನಿಗೆ ಸ್ವಲ್ಪ ಕಡಿಮೆ. ಅದರಲ್ಲಿ ಸುಮಾರು ಅರ್ಧದಷ್ಟು ಕೀಲ್ ಎನ್ನಿಸಿಕೊಳ್ಳುವ ಅಡಿಗಟ್ಟಿನ ಕಬ್ಬಿಣದ್ದು. ಗಾಳಿಗೆ ಓಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಈ ಭಾರವೇ. ಚುಕ್ಕಾಣಿಯು ಉದ್ದನೆಯ ಕೀಲಿನ ಹಿಂತುದಿಗೆ, ದೋಣಿಯ ಹೊರಗಡೆಯೇ ತೂಗಿರುತ್ತದೆ. ಮೈಗೆ ಹೊದಿಸಿದ ಹಲಗೆಗಳು ನಮ್ಮ ಮನೆಗಳ ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕುಳಿತಿರುತ್ತವೆ. ಒಳಗಿನ ಕೋಣೆಯಲ್ಲಿ ಕುಳಿತುಕೊಳ್ಳಬಹುದು, ಮಲಗಬಹುದು; ನಿಲ್ಲಲಾಗದು. ಚುಕ್ಕಾಣಿ ಹಿಡಿದವನು ಕುಳಿತಿರುವ ಹಿಂಬದಿಯ ಕುಳಿಗೆ ನೀರು ನುಗ್ಗಿದರೆ ಅದು ತಾನಾಗಿ ಹೊರಕ್ಕೆ ಹರಿಯದು, ಮೊಗೆದು ಚೆಲ್ಲಬೇಕು. ತೀರದ ನೀರಿಗೆ ಇದೊಂದು ಕೊರತೆಯಲ್ಲ, ಮಹಾಸಾಗರಕ್ಕೆ ಕೊರತೆಯೇ ಸರಿ.

ಈ ಕೊರತೆಯನ್ನು ಮೊದಲು ಗಂಭೀರವಾಗಿ ಪರಿಗಣಿಸಿದವರಲ್ಲಿ ಬ್ರಿಟಿಷ್ ನೌಕಾಪದಾತಿಯ ನಿವೃತ್ತ ಅಧಿಕಾರಿ ಹಾಸ್ಲರ್ ಒಬ್ಬರು. 1953ರಲ್ಲಿ ಅವರು ಕಟ್ಟಿಸಿದ 'ಜೆಸ್ಟರ್' ಆಕಾರದಲ್ಲಿ ಫೋಕ್‌ಬೋಟೇ. ಆದರೆ ಹಿಂಬದಿಯ ಕುಳಿಯನ್ನು ತೆಗೆದು, ಡೆಕ್ಕನ್ನು ಪೂರ್ತಿಯಾಗಿ ಮುಚ್ಚಿ, ಒಳಗಿನಿಂದಲೇ ನಡೆಸುವಂತೆ ಅದನ್ನು ಮಾರ್ಪಡಿಸಲಾಗಿತ್ತು. ಮುಂದೆ ಅದಕ್ಕೆ ಚೀನೀ ಮಾದರಿಯ ಪಟ್ಟಿಹಾಯಿಯನ್ನೂ ಕಟ್ಟಿದರು. 1960ರಲ್ಲಿ ಅಟ್ಲಾಂಟಿಕನ್ನು ಒಬ್ಬನೇ ದಾಟುವ ಮೊದಲ ಪಂದ್ಯದಲ್ಲಿ ಐವರು ಭಾಗವಹಿಸಿದರು. ಚಿಚೆಸ್ಟರ್ 40 ದಿನಗಳಲ್ಲಿ ಮೊದಲಿಗರಾಗಿ ಮುಟ್ಟಿದರೆ ಹಾಸ್ಲರ್ 48 ದಿನಗಳಲ್ಲಿ ಎರಡನೆಯವರಾಗಿ ಮುಟ್ಟಿದರು. ಗಮನಿಸತಕ್ಕ ಸಂಗತಿಯೆಂದರೆ, ಈ ಬದಲಾವಣೆಯು ಕಾರ್ಖಾನೆಯಿಂದ ಬಂದುದಲ್ಲ, ಬಳಸುವವನಿಂದ ಬಂದುದು. ಮತ್ತು ಕಾರ್ಖಾನೆಗಳು ಅದನ್ನು ಅನುಸರಿಸಲೂ ಇಲ್ಲ. ಕೊಳ್ಳುವ ಕುಟುಂಬಕ್ಕೆ ಬಿಸಿಲಿನಲ್ಲಿ ಕುಳಿತುಕೊಳ್ಳುವ ಜಾಗವೇ ಬೇಕಾಗಿತ್ತಲ್ಲದೆ ಮುಚ್ಚಿದ ಡೆಕ್ಕಲ್ಲ. 'ವಿಕಾಸ'ದ ಕಥೆಯಲ್ಲಿ ಜೆಸ್ಟರಿಗೆ ಸ್ಥಾನವೇ ದೊರೆಯದಿರುವುದಕ್ಕೆ ಇದೇ ಕಾರಣವೆಂದು ನಮಗೆ ತೋರುತ್ತದೆ.

ಗಾಜಿನ ನಾರನ್ನು ರಾಳದಲ್ಲಿ ತೊಯಿಸಿ ಅಚ್ಚಿನಲ್ಲಿ ಹಾಸುವ ವಿಧಾನವು ದೋಣಿಕಟ್ಟೆಗಳನ್ನು ಪ್ರವೇಶಿಸಿದಾಗ ಪರಿಸ್ಥಿತಿ ಬದಲಾಯಿತು. ಮರದ ದೋಣಿಗಳ ಜಾಗಕ್ಕೆ 'ಫೈಬರ್ ದೋಣಿ'ಗಳು ಬಂದುದನ್ನು ನಮ್ಮ ಕರಾವಳಿಯ ವಾಚಕರು ಕಣ್ಣಾರೆ ಕಂಡಿರುವರು. ಅವರಿಗೆ ಈ ವಿಧಾನವನ್ನು ವಿವರಿಸಬೇಕಾದುದಿಲ್ಲ. ಇಂಗ್ಲೆಂಡಿನ ಲಿಮಿಂಗ್ಟನ್ನಿನಲ್ಲಿ, ಮರದ ಫೋಕ್‌ಬೋಟುಗಳನ್ನು ಕಟ್ಟಿ ಅನುಭವವಿದ್ದ ಜೆರೆಮಿ ರಾಜರ್ಸ್ ಅವರು ಡೇವಿಡ್ ಸ್ಯಾಡ್ಲರರ ನಕ್ಷೆಯಂತೆ 1966ರ ಹೊತ್ತಿಗೆ 'ಕಾಂಟೆಸ್ಸಾ 26' ಎಂಬ ಮಾದರಿಯನ್ನು ಹೊರತಂದರು. ಬಹುಮಟ್ಟಿಗೆ ಅದೇ ಸಮಯದಲ್ಲಿ ಸುಂಡೆನ್ನರೇ ತಮ್ಮ ಹಳೆಯ ದೋಣಿಯನ್ನು ಹೊಸ ದ್ರವ್ಯಕ್ಕೆ ಒಗ್ಗಿಸಿ 'ಇಂಟರ್‌ನ್ಯಾಷನಲ್ ಫೋಕ್‌ಬೋಟ್' ಎಂಬುದನ್ನು ರಚಿಸಿದರು. 1967ರಿಂದ ಸ್ವೀಡನ್ನಿನ ಮಾರಿಯೆಹೋಲ್ಮ್ ಕಾರ್ಖಾನೆ ಅದನ್ನು ತಯಾರಿಸಿತು. ಎರಡರಲ್ಲಿಯೂ ಹಲಗೆಯ ಅಂಚುಗಳು ಮಾಯವಾಗಿ ಮೈ ನುಣುಪಾಯಿತು. ಹಿಂಬದಿಯ ಕುಳಿಯ ನೀರು ತಾನಾಗಿ ಹರಿದುಹೋಗುವಂತಾಯಿತು. ಕೀಲು, ಚುಕ್ಕಾಣಿ, ಕಿರಿದಾದ ಒಡಲು ಮಾತ್ರ ಹಿಂದಿನಂತೆಯೇ ಉಳಿದುವು. ಕಾಂಟೆಸ್ಸಾದ ಕೋಣೆಯಲ್ಲಿಯೂ ಎತ್ತರದ ಮನುಷ್ಯನು ನೆಟ್ಟಗೆ ನಿಲ್ಲಲಾರ. ಇಂತಹ ದೋಣಿಯಲ್ಲಿಯೇ ಟಾನಿಯಾ ಏಬಿ ಎಂಬ ತರುಣಿ 1985ರಲ್ಲಿ ನ್ಯೂಯಾರ್ಕಿನಿಂದ ಹೊರಟು 1987ರಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿದರು.

ಹೊಸ ದ್ರವ್ಯವು ಹೊಸ ಆಕಾರವನ್ನು ತಂದಿತೆಂದು ಸಾಮಾನ್ಯವಾಗಿ ಬರೆಯುವುದುಂಟು. ಇದಕ್ಕೆ ವಿರುದ್ಧವಾದ ಸಾಕ್ಷ್ಯ ಎರಡು ಕಡೆ ದೊರೆಯುತ್ತದೆ.

ಮೊದಲನೆಯದು ಅಚ್ಚಿನ ಅರ್ಥಶಾಸ್ತ್ರ. ಮರದ ದೋಣಿಯನ್ನು ಕಟ್ಟುವ ಬಡಗಿಯು ಪ್ರತಿಯೊಂದು ದೋಣಿಯಲ್ಲಿಯೂ ಒಂದಿಷ್ಟು ತಿದ್ದಬಲ್ಲನು. ಒಡಲಿನ ಅಚ್ಚಿಗೆ ಹಣ ಸುರಿದ ಕಾರ್ಖಾನೆಗೆ ಅದು ಸಾಧ್ಯವಿಲ್ಲ. ಹಾಕಿದ ಹಣ ಹಿಂದಿರುಗುವವರೆಗೂ ಆಕಾರವು ಅಲುಗಾಡದು. ಕೆನಡದ ಟೊರಾಂಟೋವಿನಲ್ಲಿ ಜೆ. ಜೆ. ಟೇಲರ್ ಸಂಸ್ಥೆಯು ಅನುಮತಿ ಪಡೆದು ಕಾಂಟೆಸ್ಸಾ 26ನ್ನು ತಯಾರಿಸುತ್ತಿದ್ದಿತು. 1980ರ ದಶಕದಲ್ಲಿ ಅದನ್ನು ಪರಿಷ್ಕರಿಸಿದಾಗ ಬದಲಾದುದು ಡೆಕ್ಕಿನ ವಿನ್ಯಾಸ, ಒಡಲು ಅದೇ. ಹೊಸ ಮಾದರಿಯೆಂದು ಹೊರಬರುವುದರಲ್ಲಿ ನೀರಿಗೆ ತಾಕುವ ಭಾಗವು ಹಳೆಯದೇ ಆಗಿರಬಹುದೆಂಬುದಕ್ಕೆ ಇದು ನಿದರ್ಶನ. ಮಾದರಿಯ ಹೆಸರಿನ ಮುಂದಿನ ಸಂಖ್ಯೆಗಳನ್ನು ನೋಡಿ ಕಾಲಾನುಕ್ರಮಣಿಕೆಯನ್ನು ರಚಿಸುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯಕರವಾದುದು. ನಾರ್ಡಿಕ್ ಫೋಕ್‌ಬೋಟುಗಳು ಪರಸ್ಪರ ಪಂದ್ಯವಾಡುವುವು. ಆದುದರಿಂದ ಎಲ್ಲವೂ ಸಮಾನವಾಗಿರಬೇಕೆಂದು ಅವುಗಳ ಸಂಘದ ನಿಯಮ. 1970ರ ದಶಕದಲ್ಲಿ ಗಾಜಿನ ನಾರಿನ ದೋಣಿಗಳಿಗೆ ಮಾನ್ಯತೆ ಕೊಡಬೇಕಾಗಿ ಬಂದಾಗ, ಹಳೆಯ ಮರದ ದೋಣಿಗಳು ಸೋತು ಮೂಲೆಗೆ ಬೀಳಬಾರದೆಂದು ತೂಕವನ್ನೂ ಆಕಾರವನ್ನೂ ಯಥಾವತ್ತಾಗಿ ಉಳಿಸಿದರು. ಒಂದೂ ಹಲಗೆಯಿಲ್ಲದ ಮೈಯ ಮೇಲೆ ಹಲಗೆಯ ಮೇಲೆ ಹಲಗೆ ಕುಳಿತ ಅಂಚುಗಳು ಅಚ್ಚಿನಲ್ಲಿಯೇ ಮೂಡಿಬಂದುವು. ಮರದ ಜೋಡಣೆಯನ್ನು ಕಲ್ಲಿನಲ್ಲಿ ಕೊರೆದ ಗುಹಾಲಯಗಳನ್ನು ಬಲ್ಲ ವಾಚಕರಿಗೆ ಇದು ಅಪರಿಚಿತವೆನಿಸದು. ಆದರೆ ಗುಹಾಲಯದ ಕಲ್ಲಿನ ತೊಲೆಗೆ ಸಂಪ್ರದಾಯವೇ ಕಾರಣವೆಂದು ನಾವು ತಟ್ಟನೆ ಹೇಳಿಬಿಡುವೆವು. ಇಲ್ಲಿ ಕಾರಣ ಸಂಪ್ರದಾಯವಲ್ಲ, ಹಳೆಯ ದೋಣಿಯ ಒಡೆಯರ ಹಿತ. ಗುಹಾಲಯಗಳ ವಿಷಯದಲ್ಲಿಯೂ ನಾವು ಇನ್ನೊಮ್ಮೆ ಯೋಚಿಸಬಹುದಲ್ಲವೆ ಎಂಬ ಸಂದೇಹ ನಮಗೆ ಬಾರದಿರಲಿಲ್ಲ.

'ಕಾಂಟೆಸ್ಸಾ 32' ಎಂಬ ದೊಡ್ಡ ದೋಣಿಯನ್ನು ಈ ವಂಶದ ಮುಂದಿನ ತಲೆಯೆಂದು ಎಣಿಸುವುದು ರೂಢಿ. 1970ರ ದಶಕದ ಆರಂಭದಲ್ಲಿ ಬಂದ ಇದರ ವಿನ್ಯಾಸಕಾರರೂ ನಿರ್ಮಾಪಕರೂ ಹಿಂದಿನವರೇ. ನೀರಿನ ಕೆಳಗೆ ನೋಡಿದರೆ ಇದು ಬೇರೆಯೇ ಜಾತಿ: ಕೀಲು ಮೊಟಕಾಗಿ ರೆಕ್ಕೆಯಂತೆ ಇಳಿದಿದೆ, ಚುಕ್ಕಾಣಿ ಅದರಿಂದ ಬೇರ್ಪಟ್ಟು ಹಿಂದೆ ತನ್ನದೇ ಆಧಾರಕ್ಕೆ ಅಂಟಿಕೊಂಡಿದೆ. ಫೋಕ್‌ಬೋಟಿನಿಂದ ಇದಕ್ಕೆ ಬಂದುದು ಆಕಾರವಲ್ಲ, ಅಗಲವನ್ನು ಮಿತಿಯಲ್ಲಿಟ್ಟು ಭಾರವನ್ನು ಕೆಳಗಿಡಬೇಕೆಂಬ ವಿವೇಕ. ಅದೇ ಕಾಲದ ಪಂದ್ಯದೋಣಿಗಳು ಅಳತೆಯ ನಿಯಮಗಳ ಲಾಭ ಪಡೆಯಲು ಅಗಲವಾಗಿಯೂ ಹಗುರವಾಗಿಯೂ ಬೆಳೆಯುತ್ತಿದ್ದುವು. ಅವುಗಳ ಎದುರಿಗೆ ಇದು ಹಿಂದುಳಿದುದೆಂದು ಕಾಣುತ್ತಿದ್ದಿರಬೇಕು. 1979ರ ಆಗಸ್ಟಿನಲ್ಲಿ ಫಾಸ್ಟ್‌ನೆಟ್ ಪಂದ್ಯಕ್ಕೆ ಹೊರಟ 303 ದೋಣಿಗಳು ಬಿರುಗಾಳಿಗೆ ಸಿಕ್ಕಿದುವು. ಪಂದ್ಯದ 15 ಮಂದಿ ನಾವಿಕರು ಪ್ರಾಣ ತೆತ್ತರು. ಅತ್ಯಂತ ಚಿಕ್ಕ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದುದು ಒಂದೇ ಒಂದು. ಅದು 'ಅಸೆಂಟ್' ಎಂಬ ಕಾಂಟೆಸ್ಸಾ 32. ಒಂದು ದೋಣಿಯ ಪಾರಾಗುವಿಕೆಯನ್ನು ಪ್ರಮಾಣವೆನ್ನಲಾಗದು. ನಾವಿಕರ ಕೌಶಲವೂ ಅದೃಷ್ಟವೂ ಅದರಲ್ಲಿ ಸೇರಿರುತ್ತವೆ. ಆದರೆ ದುರಂತದ ತರುವಾಯ ಈ ಮಾದರಿಯನ್ನು ಅಂದಿನ ಅಗಲವಾದ ಪಂದ್ಯದೋಣಿಯೊಂದರೊಡನೆ ಲೆಕ್ಕಹಾಕಿ ಹೋಲಿಸಿದಾಗ, ಮಗುಚಿದ ಮೇಲೆ ತಿರುಗಿ ಏಳುವ ಶಕ್ತಿ ಇದಕ್ಕೆ ಬಹಳ ಹೆಚ್ಚೆಂದು ಕಂಡುಬಂದಿತು. ಹೊಸದೆಲ್ಲವನ್ನೂ ಮುನ್ನಡೆಯೆಂದು ಬರೆಯುವ ಚರಿತ್ರೆಯು ಈ ಸಂಗತಿಯ ಮುಂದೆ ಏನು ಹೇಳಬಲ್ಲದೋ ನಾವರಿಯೆವು.

ಸುಂಡೆನ್ನರ ಎರಡು ದೋಣಿಗಳ ಗತಿಯನ್ನೂ ಇಲ್ಲಿಯೇ ಹೇಳಬೇಕು. ನುಣುಪು ಮೈಯ ಇಂಟರ್‌ನ್ಯಾಷನಲ್ ಫೋಕ್‌ಬೋಟಿನ ತಯಾರಿಕೆಯು ಮೂರು ಸಾವಿರಕ್ಕೂ ಮಿಗಿಲಾದ ದೋಣಿಗಳ ತರುವಾಯ 1980ರ ದಶಕದ ಮಧ್ಯದಲ್ಲಿ ನಿಂತುಹೋಯಿತು. ಅದಕ್ಕಿಂತ ಇಪ್ಪತ್ತೈದು ವರ್ಷ ಹಿರಿಯದಾದ ನಾರ್ಡಿಕ್ ಫೋಕ್‌ಬೋಟನ್ನು, ಇಲ್ಲದ ಹಲಗೆಗಳ ಅಂಚುಗಳ ಸಮೇತ, ಅನಂತರವೂ ಕಟ್ಟುತ್ತ ಬಂದಿರುವರು.