ಉಂಡ ಮನೆ ಯಾವುದು?

ದಲಿತರ ಚರಿತ್ರೆ ಓದುವ ನಮ್ಮ ವಿದ್ವಾಂಸರಿಗೆ ಒಂದು ಪ್ರಶ್ನೆ ಬಹಳ ಪ್ರಿಯ: ಇವರ ನಿಷ್ಠೆ ಯಾರ ಕಡೆಗೆ? 1818ರ ಜನವರಿ 1ರಂದು ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯಕ್ಕೆದುರಾಗಿ ಕಂಪನಿಯ ಪಡೆಯಲ್ಲಿ ನಿಂತ ಮಹಾರರಿಗೂ ಇದೇ ಪ್ರಶ್ನೆ. 1997ರಲ್ಲಿ ಅರುಣ್ ಶೌರಿ ಬರೆದ ಪುಸ್ತಕ ಅಂಬೇಡ್ಕರರಿಗೆ ಕೇಳಿದ್ದೂ ಇದನ್ನೇ. ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ಸರಿ. ಆದರೆ ಊರ ಬಾವಿಯ ನೀರನ್ನೇ ಮುಟ್ಟಗೊಡದ ಮನೆ ಉಂಡ ಮನೆ ಹೇಗಾಗ್ತದೆ?

ಸಾಮ್ರಾಜ್ಯದ ಕೆಳಗಿನ ಸಣ್ಣ ಸಮುದಾಯಗಳಿಗೆ ನಿಷ್ಠೆ ಎಂಬುದು ಬರೀ ಭಾವನೆಯಲ್ಲ, ಬದುಕುವ ದಾರಿ. ಕ್ರಿ.ಪೂ. ಐದನೆಯ ಶತಮಾನದಲ್ಲಿ ಈಜಿಪ್ಟಿನ ಎಲಿಫಾಂಟೈನ್ ನಡುಗಡ್ಡೆಯಲ್ಲಿ ಪರ್ಷಿಯದ ಚಕ್ರವರ್ತಿಗಾಗಿ ಗಡಿ ಕಾಯುವ ಯಹೂದಿ ಸೈನಿಕರಿದ್ದರು. 410ರಲ್ಲಿ ಖ್ನೂಮ್ ದೇವರ ಪೂಜಾರಿಗಳು ಅಧಿಕಾರಿಯನ್ನು ಕೂಡಿಕೊಂಡು ಅವರ ಗುಡಿ ಕೆಡವಿದರು. 407ರಲ್ಲಿ ಅವರು ಯೆಹೂದದ ಪರ್ಷಿಯನ್ ಆಡಳಿತಾಧಿಕಾರಿಗೆ ಅರ್ಜಿ ಬರೆದರು. ಅರ್ಜಿಯ ಭಾಷೆ ತೀರ ವಿಧೇಯ. ಕೇಳಿದ್ದು ಮಾತ್ರ ತಮ್ಮದೇ ಗುಡಿಯನ್ನು.

ನಮ್ಮವರ ಅರ್ಜಿಗಳನ್ನೂ ಹೀಗೇ ಓದಬೇಕು. 1890ರ ದಶಕದಲ್ಲಿ ಬ್ರಿಟಿಷರು ಮಹಾರರ ಸೇನಾಭರ್ತಿ ನಿಲ್ಲಿಸಿದರು. 1894ರಲ್ಲಿ ಗೋಪಾಳಬಾಬಾ ವಲಂಗಕರ, 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಬರೆದ ಅರ್ಜಿಗಳು ಹಳೆಯ ಸೇವೆಯನ್ನು ನೆನಪಿಸುತ್ತವೆ. ಅದು ಹೊಗಳಿಕೆಯಲ್ಲ, ಬಾಕಿ ವಸೂಲಿ. ಕೋರೆಗಾಂವದ ಕಲ್ಲಿನದೂ ಇದೇ ಕಥೆ. ಕಂಪನಿ ಅದನ್ನು ನಿಲ್ಲಿಸಿದ್ದು ತನ್ನ ಗೆಲುವಿಗಾಗಿ. 1927ರ ಜನವರಿ 1ರಂದು ಅಂಬೇಡ್ಕರರು ಅಲ್ಲಿಗೆ ಹೋದ ಮೇಲೆ ಅದೇ ಕಲ್ಲು ನಮ್ಮದಾಯಿತು.

1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲೇ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಅವರ ಮುಂದಾಳ್ತನದಲ್ಲಿ ನಡೆದಿತ್ತು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಅವರು ಬ್ರಿಟಿಷರ ಎದುರಿಗೇ ಕೇಳಿದರು: ನೀವು ಬರುವ ಮುಂಚೆ ನಮಗೆ ಊರ ಬಾವಿಯ ನೀರಿರಲಿಲ್ಲ, ನೀವು ಬಂದು ಆ ಹಕ್ಕು ಕೊಡಿಸಿದಿರಾ? ಇದು ಬಂಟನ ಮಾತಲ್ಲ.

1956ರ ನಂತರ ಈ ಭಾಗದ ದಲಿತನಿಗೆ ಇನ್ನೊಂದು ಪರೀಕ್ಷೆ: ನೀನು ಕನ್ನಡದಾಂವೋ, ಮರಾಠಿಯಾಂವೋ? 1967ರ ಮಹಾಜನ ವರದಿ ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಅಂದಿತು. ಅದನ್ನು ಮಹಾರಾಷ್ಟ್ರವೇ ಒಪ್ಪಲಿಲ್ಲ. ಈ ಜಗ್ಗಾಟದಲ್ಲಿ ಊರುಗಳನ್ನು ಎಣಿಸಿದರು, ಕೇರಿಗಳನ್ನು ಯಾರೂ ಕೇಳಲಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಮರಾಠಿ ಆಡುವ ಮಹಾರನೂ ಕನ್ನಡ ಆಡುವ ಹೊಲೆಯನೂ ಊರ ಹೊರಗೇ ಇದ್ದವರು.

ದಲಿತ ವಿಮರ್ಶೆ ಈ ಪ್ರಶ್ನೆಗೆ ಉತ್ತರ ಹೇಳುತ್ತ ಕೂಡಬಾರದು. ಕೇಳಿದವರಿಗೇ ಅದನ್ನು ಹಿಂದಿರುಗಿಸಬೇಕು. ಸಾಮ್ರಾಜ್ಯ, ರಾಜ್ಯ, ಭಾಷೆ ಇವು ಕೇರಿಗೆ ಎಷ್ಟು ನಿಷ್ಠವಾಗಿದ್ದವು? ಮೊದಲು ಆ ಲೆಕ್ಕ ಆಗಲಿ.